ಜಯನ ಪ್ಲಾಂಟಿನ ಐಸು

ಒಂಬತ್ತು ವರ್ಷದಿಂದ ನಾನು ಜಯನ ಪ್ಲಾಂಟಿನ ಐಸನ್ನು ನನ್ನ ಮೀನಿನ ಮೇಲೆ ಹಾಕಿದವಳಲ್ಲ. ಮೀನಿನ ಬೋಟುಗಳು ಬಂದು ನಿಲ್ಲುವ ಧಕ್ಕೆಯಿಂದ ನೂರು ಹೆಜ್ಜೆ ನಡೆದರೆ ಅವನ ಪ್ಲಾಂಟು. ನಮ್ಮ ಪಟ್ಣದ, ಅಂದರೆ ಮೀನುಗಾರರ ಕೇರಿಯ, ಹೆಂಗಸರೆಲ್ಲ ಅಲ್ಲಿಂದಲೇ ಐಸು ತುಂಬಿಸಿಕೊಂಡು ಉರ್ವ ಮಾರ್ಕೆಟಿಗೆ ಹೋಗುವುದು. ನಾನೊಬ್ಬಳು ಮಾತ್ರ ಉಳ್ಳಾಲದಿಂದ ಬರುವ ಮೊಯ್ದೀನಬ್ಬನ ಟೆಂಪೊ ಕಾಯುತ್ತ ರಸ್ತೆ ಬದಿಯಲ್ಲಿ ನಿಲ್ಲುತ್ತಿದ್ದೆ. ಟೆಂಪೊ ತಡವಾದ ದಿನ ನನ್ನ ಬೂತಾಯಿ ಮೀನಿನ ಕಣ್ಣು ಕೆಂಪಾಗುತ್ತಿತ್ತು, ಗಿರಾಕಿಗಳು ಪಕ್ಕದ ಬುಟ್ಟಿಗೆ ಹೋಗುತ್ತಿದ್ದರು. ಹೋಗಲಿ ಎಂದು ಸುಮ್ಮನೆ ಕೂರುತ್ತಿದ್ದೆ.

ಐಸೆಂದರೆ ನೀರು. ಜಯನ ಮನೆಯ ನೀರು ನನಗೆ ಆಗುವುದಿಲ್ಲ. ಅವನ ಮನೆಗೂ ನಮ್ಮ ಮನೆಗೂ ನಡುವೆ ಬೊಬ್ಬರ್ಯನ ಆಣೆ ಉಂಟು.

ನನ್ನ ಗಂಡ ಗಿರಿಯಪ್ಪ ಜಯನ ದೊಡ್ಡ ಬೋಟಿಗೆ ತಾಂಡೇಲರಾಗಿದ್ದರು. ಬೋಟು ನಡೆಸುವುದು, ಇಪ್ಪತ್ತು ಕಲಾಸಿಗಳ ಜೀವ ನೋಡಿಕೊಳ್ಳುವುದು ಅವರ ಕೆಲಸ. ಚುಕ್ಕಾಣಿಯ ಚೈನು ಸವೆದಿದೆ ಎಂದು ಮೂರು ಸಲ ಜಯನಿಗೆ ಹೇಳಿದ್ದರು. ಮೂರನೇ ಸಲ ಜಯ, "ನಿಮಗೆ ಹೆದರಿಕೆಯಾದರೆ ಬೇರೆ ತಾಂಡೇಲ ಇದ್ದಾನೆ" ಎಂದನಂತೆ. ಮನೆಗೆ ಬಂದು ನನ್ನ ಎದುರಿಗೇ ಇದನ್ನು ಹೇಳಿ, ಊಟ ಅರ್ಧಕ್ಕೆ ಬಿಟ್ಟು ಹೋದರು. ಆ ಟ್ರಿಪ್ಪಿನಿಂದ ವಾಪಸು ಬರುವಾಗ, ನದಿ ಕಡಲಿಗೆ ಸೇರುವ ಅಳಿವೆ ಬಾಗಿಲಲ್ಲಿ ಚೈನು ತುಂಡಾಯಿತು. ಬೋಟು ಮರಳಿಗೆ ಹೊಡೆದು ಒಡೆಯಿತು. ಯಾರೂ ಸಾಯಲಿಲ್ಲ, ಮೂವರ ಕೈಕಾಲು ಮುರಿಯಿತು.

ಮರುದಿನ ಬೆಳಿಗ್ಗೆ ಮೀನಿನ ಏಲಂ ಕೂಗುವ ಹೊತ್ತಿನಲ್ಲಿ, ಧಕ್ಕೆಯಲ್ಲಿ ಮುನ್ನೂರು ಜನರ ಎದುರು ಜಯ ಒಂದು ಬಾಟಲಿ ಎತ್ತಿ ಹಿಡಿದ. "ಇದು ತಾಂಡೇಲರ ಕ್ಯಾಬಿನಲ್ಲಿ ಸಿಕ್ಕಿದ್ದು. ಕುಡಿದು ಬೋಟು ನಡೆಸಿದರೆ ಬೋಟು ಎಂತ ಮಾಡ್ತದೆ ಮಾರಾಯ್ರೆ?" ಎಂದ. ಅವನಿಗೆ ಇನ್ನೂ ಮೂರು ಬೋಟುಗಳಿದ್ದವು. ರಿಪೇರಿ ಮಾಡಿಸದ ಧಣಿಯ ಬೋಟಿಗೆ ಕಲಾಸಿಗಳು ಹತ್ತುವುದಿಲ್ಲ. ಕುಡುಕ ತಾಂಡೇಲನನ್ನು ಕೆಲಸದಿಂದ ಬಿಡಿಸಿದ ಧಣಿಯ ಬೋಟಿಗೆ ಹತ್ತುತ್ತಾರೆ.

ನನ್ನ ಗಂಡ ಜನ್ಮದಲ್ಲಿ ಕುಡಿದವರಲ್ಲ. ಶನಿವಾರದ ಭಜನೆಯಲ್ಲಿ ಮಂದಿರದ ಎದುರು ಸಾಲಿನಲ್ಲಿ ಕೂತು ತಾಳ ಹಿಡಿಯುವವರು. ಆಮೇಲೆ ಅವರು ಮಾತಾಡಿದರೆ ಜನ ಮೂಗು ಮುಂದೆ ತಂದು ವಾಸನೆ ನೋಡುತ್ತಿದ್ದರು. ಎದುರು ಸಾಲಿನಿಂದ ಹಿಂದಿನ ಸಾಲಿಗೆ ಹೋದರು, ಹಿಂದಿನ ಸಾಲಿನಿಂದ ಮಂದಿರದ ಹೊರಗೆ, ಅಲ್ಲಿಂದ ಮನೆಯ ಚಾಪೆಗೆ. ತೀರಿಹೋಗಿ ಎರಡು ವರ್ಷವಾಯಿತು. ಆಸ್ಪತ್ರೆಯ ಕಾಗದದಲ್ಲಿ ಹೃದಯಾಘಾತ ಎಂದು ಬರೆದಿದ್ದಾರೆ. ನನ್ನ ಹತ್ತಿರ ಕೇಳಿ ಬರೆದದ್ದಲ್ಲ.

ಬಾಟಲಿ ಎತ್ತಿದ ದಿನವೇ ನಾನು ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಕೂದಲಲ್ಲೇ ಬೊಬ್ಬರ್ಯನ ಕಟ್ಟೆಗೆ ಹೋಗಿ ತೆಂಗಿನಕಾಯಿ ಇಟ್ಟೆ. ಕಡಲಿಗೆ ಹೋಗುವವರ ದೈವ ಅದು. "ಜಯನ ಬಾಯಿಂದಲೇ ಸತ್ಯ ಬರುವ ತನಕ ಅವನ ಮನೆಯ ಅನ್ನ ನೀರು ನಮಗಿಲ್ಲ, ನಮ್ಮದು ಅವನಿಗಿಲ್ಲ" ಎಂದೆ. ನಮ್ಮಲ್ಲಿ ಇದರ ಕ್ರಮ ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಕುಡಿದವರಿಗೆ ದೋಷವಿಲ್ಲ. ಗೊತ್ತಿದ್ದು ಕುಡಿದವರಿಗೆ ಉಂಟು, ಗೊತ್ತಿದ್ದು ಕುಡಿಸಿದವರಿಗೂ ಉಂಟು.

ಮಳೆಗಾಲದ ಆಟಿ ತಿಂಗಳ ಸಂಜೆಗಳಲ್ಲಿ ನಮ್ಮ ಮಂದಿರದಲ್ಲಿ ಪುರಾಣ ಓದಿಸುತ್ತಾರೆ. ಒಬ್ಬರು ಪದ್ಯ ಹಾಡುವುದು, ಇನ್ನೊಬ್ಬರು ಅರ್ಥ ಹೇಳುವುದು. ಏಳು ವರ್ಷದವಳಿರುವಾಗಿಂದ ನಾನು ಕಂಬಕ್ಕೆ ಒರಗಿ ಕೂತು ಕೇಳಿದವಳು. ಹಗೆಯ ಪದ್ಯ ಬಂದಾಗ ಒಳ್ಳೆಯ ಹಾಡುಗಾರರು ಸ್ವರ ಏರಿಸುವುದಿಲ್ಲ, ಇಳಿಸುತ್ತಾರೆ. ಕೇಳುವವರು ಉಸಿರು ಬಿಗಿ ಹಿಡಿದು ಮುಂದೆ ಬಾಗಬೇಕು. ಒಂಬತ್ತು ವರ್ಷ ನಾನೂ ಸ್ವರ ಇಳಿಸಿಯೇ ಇದ್ದೆ.

ಆಮೇಲೆ ಈ ಕೊರೋನ ಬಂತು.

ಮಾರ್ಚ್ ಕೊನೆಗೆ ಧಕ್ಕೆ ಮುಚ್ಚಿತು, ಉರ್ವ ಮಾರ್ಕೆಟೂ ಮುಚ್ಚಿತು. ಕುದ್ರೋಳಿಯ ಆಚೆ ನದಿ ದಂಡೆಯ ನಮ್ಮ ಇಪ್ಪತ್ತೆರಡು ಮನೆಯ ಹೆಂಗಸರು ಬುಟ್ಟಿ ಮಗುಚಿ ಹಾಕಿ ಕೂತೆವು. ರೇಷನ್ ಅಕ್ಕಿ ಉಂಟು, ಮೇಲೋಗರಕ್ಕೆ ಎಂತ ಇಲ್ಲ. ಹುಟ್ಟಿದಾಗಿಂದ ಮೀನು ತಿಂದ ಮಕ್ಕಳು ಉಪ್ಪಿನಕಾಯಿಯ ಮುಖ ನೋಡಿದವು.

ನನ್ನ ಮಗಳು ಮೋಕ್ಷಾ ಎಂ.ಎಸ್.ಡಬ್ಲ್ಯು. ಓದುತ್ತಿದ್ದವಳು. ಕಾಲೇಜು ಮುಚ್ಚಿದ್ದರಿಂದ ಮನೆಯಲ್ಲೇ ಇದ್ದಳು. ಅವಳು ಸುಮ್ಮನೆ ಕೂರಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಗಳನ್ನು ಅಂಟಿಸಿ ದೊಡ್ಡ ಹಾಳೆ ಮಾಡಿ, 'ಮುಂದಿನ ಹತ್ತು ವರ್ಷ' ಎಂದು ಮೇಲೆ ಬರೆದು ಮಂದಿರದ ಗೋಡೆಗೆ ಹಚ್ಚಿದಳು. ಏಪ್ರಿಲ್ ಮಧ್ಯದಲ್ಲಿ ನಾಡದೋಣಿಗಳಿಗೆ ಕಡಲಿಗಿಳಿಯಲು ಪರವಾನಗಿ ಸಿಕ್ಕಿದ ವಾರ ಅದು. ಮಂದಿರದ ಅಂಗಳದಲ್ಲಿ ಸುಣ್ಣದಿಂದ ಆರಾರು ಅಡಿಗೆ ಒಂದೊಂದು ವೃತ್ತ ಹಾಕಿ, ಒಂದೊಂದರಲ್ಲಿ ಒಬ್ಬೊಬ್ಬರನ್ನು ಮಾಸ್ಕ್ ಹಾಕಿಸಿ ಕೂರಿಸಿದಳು.

"ಇದೊಂದು ರೋಗ ಹೋಗ್ತದೆ. ನಾಳೆ ಇನ್ನೊಂದು ಬರ್ತದೆ, ಇಲ್ಲದಿದ್ರೆ ಚಂಡಮಾರುತ ಬರ್ತದೆ. ಧಕ್ಕೆ ಮುಚ್ಚಿದ ಕೂಡಲೇ ನಾವು ಹಸಿದು ಕೂರುವ ಹಾಗೆ ಇರಬಾರದು. ಅಷ್ಟೇ ವಿಷಯ" ಎಂದಳು.

ಆಮೇಲೆ ಹಾಳೆ ತೋರಿಸುತ್ತ ಹೋದಳು. ಹೆಂಗಸರದ್ದೇ ಒಂದು ಸಂಘ. ಇಂದು ಸಂಜೆ ಪೇಟೆಯ ಫ್ಲ್ಯಾಟಿನವರ ಹತ್ತಿರ ಫೋನಿನಲ್ಲಿ ಯಾರಿಗೆ ಎಷ್ಟು ಮೀನು ಬೇಕು ಎಂದು ಕೇಳುವುದು, ನಾಳೆ ನಮ್ಮ ನಾಡದೋಣಿಗಳು ಅಷ್ಟೇ ಹಿಡಿದು ತರುವುದು. ಗೇಣಿಗಿಂತ ಸಣ್ಣ ಬಂಗುಡೆಯನ್ನು ಯಾರ ದೋಣಿಯದ್ದಾದರೂ ಮುಟ್ಟುವುದಿಲ್ಲ. ಮರಿಯನ್ನೆಲ್ಲ ಇವತ್ತೇ ಬಾಚಿದರೆ ಹತ್ತು ವರ್ಷದ ಮಾತು ಎಂತಕ್ಕೆ? ಐಸು ಹಾಕಿದ ಪೆಟ್ಟಿಗೆಯಲ್ಲಿ ಮೀನು ಮನೆ ಬಾಗಿಲಿಗೆ. ಉಳಿದದ್ದು ಒಣಮೀನಿಗೆ. ಅದರಲ್ಲೊಂದು ಪಾಲು ಮಳೆಗಾಲಕ್ಕೆ ನಮ್ಮದೇ ಅಡಿಗೆಮನೆಗಳಿಗೆ.

"ಫ್ಲ್ಯಾಟಿನವರಿಗೆ ಮೀನು ಕೊಯ್ಯಲಿಕ್ಕೆ ಬರ್ತದಾ?" ಎಂದು ಹೇಮಾಕ್ಷಿ ಕೇಳಿದಳು. ಮಾರ್ಕೆಟಿನಲ್ಲಿ ನನ್ನ ಪಕ್ಕದ ಬುಟ್ಟಿ ಅವಳದ್ದು, ಬಾಯಿಗೆ ಬೀಗವಿಲ್ಲ. "ಮೊನ್ನೆ ಒಬ್ಬಳು ಫೋನ್ ಮಾಡಿ, ಆಂಟಿ, ಮೀನಿಗೆ ಕಣ್ಣು ಬೇಡ, ನನ್ನನ್ನು ನೋಡ್ತದೆ ಅಂದಳು."

"ಕೊಯ್ದೇ ಕೊಡುವ ಹೇಮಕ್ಕ. ಕಣ್ಣು ನೀವು ಇಟ್ಕೊಳ್ಳಿ."

ಧಕ್ಕೆ ಮುಚ್ಚಿದ ಮೇಲೆ ಮೊದಲ ಸಲ ಅಂಗಳದಲ್ಲಿ ನಗು ಕೇಳಿತು. ನಾನೂ ನಕ್ಕೆ. ನನ್ನ ಹೊಟ್ಟೆಯ ಮಗಳು ಎಂದು ಹೆಮ್ಮೆಯಾಯಿತು.

ಮಂದಿರದಿಂದ ಶುರುವಾಗುವ ಕೆಲಸಕ್ಕೆ ನಮ್ಮಲ್ಲೊಂದು ಕಟ್ಟು ಉಂಟು. ಗುರಿಕಾರರು, ಅಂದರೆ ಪಟ್ಣದ ಹಿರಿಯರು, ಎಲ್ಲರಿಗೂ ತೀರ್ಥ ಕೊಡಬೇಕು. ಒಬ್ಬರು ಕೈ ಚಾಚದಿದ್ದರೂ ಆ ಕೆಲಸ ಏಳುವುದಿಲ್ಲ. ರೋಗದ ಹೆದರಿಕೆಗೆ ಗುರಿಕಾರರು ಉದ್ದ ಕೋಲಿಗೆ ಸೌಟು ಕಟ್ಟಿಸಿಕೊಂಡು ಬಂದಿದ್ದರು. ಸೌಟು ಎತ್ತುವ ಮೊದಲು, "ಐಸು ಎಲ್ಲಿಂದ?" ಎಂದು ಕೇಳಿದರು.

ಮೋಕ್ಷಾ ನನ್ನ ಮುಖ ನೋಡಲಿಲ್ಲ. "ಮೊಯ್ದೀನಬ್ಬರಿಗೆ ಫೋನ್ ಮಾಡಿದೆ. ನೇತ್ರಾವತಿ ಸೇತುವೆಯಲ್ಲಿ ಪೊಲೀಸರು ಟೆಂಪೊ ಬಿಡುವುದಿಲ್ಲವಂತೆ. ಈಚೆ ಕಡೆ ಈಗ ಓಡುವುದು ಜಯಣ್ಣನ ಪ್ಲಾಂಟು ಮಾತ್ರ. ಅವರ ದೊಡ್ಡ ಬೋಟುಗಳನ್ನೆಲ್ಲ ಕಟ್ಟಿ ಹಾಕಿದ್ದಾರೆ, ಐಸು ಕೇಳುವವರಿಲ್ಲ. ಪ್ಲಾಂಟು ನಿಲ್ಲಿಸಿದರೆ ಮೆಶಿನು ಹಾಳಾಗ್ತದಂತೆ. ನಮಗೆ ಕೊಡ್ಲಿಕ್ಕೆ ತಯಾರಿದ್ದಾರೆ. ಮತ್ತೆ..." ಎಂದು ನಿಲ್ಲಿಸಿದಳು.

"ಮತ್ತೆ ಎಂತ?"

"ಸಂಘಕ್ಕೆ ಅವರನ್ನು ಗೌರವಾಧ್ಯಕ್ಷ ಮಾಡಬೇಕಂತೆ. ಪೆಟ್ಟಿಗೆಯ ಮೇಲೆ ಹೆಸರು ಹಾಕಬೇಕಂತೆ."

ಗುರಿಕಾರರು ಒಬ್ಬೊಬ್ಬರಿಗೆ ತೀರ್ಥ ಕೊಡುತ್ತ ಬಂದರು. ಸೌಟು ನನ್ನ ವೃತ್ತಕ್ಕೆ ಬಂತು. ನಾನು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

"ಕುಮುದಿನಿ?" ಎಂದರು.

"ಐಸು ನೀರಲ್ಲವಾ ಗುರಿಕಾರರೇ?"

ಅಲ್ಲಿಂದ ಶುರುವಾಯಿತು ನೋಡಿ. ಐಸು ನೀರಲ್ಲ, ನೀರು ಓಡ್ತದೆ, ಐಸು ಕೂತಲ್ಲೇ ಕೂರ್ತದೆ ಎಂದು ಹೇಮಾಕ್ಷಿ. ನೀರನ್ನು ಕುಡಿಯುವುದು, ಐಸನ್ನು ಯಾರು ಕುಡೀತಾರೆ ಎಂದು ಇನ್ನೊಬ್ಬಳು. ಹಾಗಾದರೆ ಮಕ್ಕಳು ಚೀಪುವ ಐಸ್‌ಕ್ಯಾಂಡಿ ಎಂತ, ಕಲ್ಲಾ ಎಂದು ಮೂರನೆಯವಳು. ಗುರಿಕಾರರು ಸೌಟನ್ನು ಗೋಡೆಗೆ ಒರಗಿಸಿ ಕಣ್ಣು ಮುಚ್ಚಿ ಕೂತರು. ಆಮೇಲೆ ಹೇಳಿದರು: "ಕರಗಿದರೆ ನೀರು. ಮೀನಿಗೆ ಹತ್ತುತ್ತದೆ, ಮೀನಿನಿಂದ ಕೈಗೆ, ಕೈಯಿಂದ ಬಾಯಿಗೆ. ಐಸು ನೀರೇ. ಕುಮುದಿನಿಗೆ ಒತ್ತಾಯ ಮಾಡ್ಲಿಕ್ಕಾಗುವುದಿಲ್ಲ."

ಇಪ್ಪತ್ತೊಂದು ಮುಖಗಳು ಮಾಸ್ಕಿನ ಮೇಲಿಂದ ನನ್ನನ್ನು ನೋಡಿದವು.

"ಸತ್ತವರಿಗೋಸ್ಕರ ಇದ್ದವರನ್ನು ಉಪವಾಸ ಹಾಕ್ತೀಯಾ ಕುಮುದಕ್ಕ?" ಎಂದಳು ಹೇಮಾಕ್ಷಿ. ಈ ಸಲ ತಮಾಷೆ ಇರಲಿಲ್ಲ.

ಮನೆಗೆ ಬಂದ ಮೇಲೆ ಮೋಕ್ಷಾ ಬಾಗಿಲಲ್ಲೇ ನಿಂತಳು. "ಅಮ್ಮ, ಅಪ್ಪ ಇದ್ದಿದ್ದರೆ ತೀರ್ಥ ತೆಗೆದುಕೊಳ್ತಿದ್ದರು."

"ಅಪ್ಪ ಇಲ್ಲವಲ್ಲ. ನಾನು ಹೇಳುವುದೂ ಅದನ್ನೇ."

"ಇಷ್ಟು ಮನೆಯ ಹೊಟ್ಟೆಯ ವಿಷಯ ಇದು."

"ನೀನು ಬರೆದ ಹತ್ತು ವರ್ಷಕ್ಕೂ ಪೆಟ್ಟಿಗೆಯ ಮೇಲೆ ಅವನ ಹೆಸರಾ? ಅಪ್ಪನನ್ನು ಕುಡುಕ ಎಂದವನ ಹೆಸರು ಹೊತ್ತುಕೊಂಡು ನಾನು ಮನೆಮನೆಗೆ ಹೋಗಬೇಕಾ?"

ಅವಳು ಅತ್ತಳು. ನಾನು ಅಳಲಿಲ್ಲ. ನಿಜ ಹೇಳುತ್ತೇನೆ, ಆ ದಿನ ನನ್ನ ಒಳಗೆ ದುಃಖಕ್ಕಿಂತ ದೊಡ್ಡದೊಂದು ಸಂತೋಷ ಎದ್ದು ಕೂತಿತ್ತು. ಜಯನಿಗೆ ನಾವು ಬೇಕು. ಮೆಶಿನು ತುಕ್ಕು ಹಿಡಿಯುತ್ತದೆ, ಬೋಟು ಕಟ್ಟಿ ಹಾಕಿದೆ, ಕೊಳ್ಳುವವರು ನಾವೇ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನ ಕುತ್ತಿಗೆ ನನ್ನ ಕೈಗೆ ಎಟಕುವಷ್ಟು ಹತ್ತಿರ ಬಂದಿತ್ತು. ದೇವರ ದೀಪಕ್ಕೆ ಎಣ್ಣೆ ಹಾಕಿದೆ. ತಪ್ಪಾದರೆ ಕ್ಷಮಿಸು ಎಂದು ದೇವರಿಗೆ ಹೇಳಿದೆ, ಆದರೆ ಬಿಡು ಎಂದು ಮಾತ್ರ ಹೇಳಬೇಡ ಎಂದೂ ಹೇಳಿದೆ.

ನಾಲ್ಕನೇ ದಿನ ಮತ್ತೆ ಅಂಗಳದಲ್ಲಿ ಸೇರಿದೆವು. ಈ ಸಲ ಜಯನೇ ಬಂದ. ಬಿಳಿ ಪಂಚೆ, ಒಳ್ಳೆಯ ಮಾಸ್ಕು. ಅವನಿಗೂ ಒಂದು ವೃತ್ತ ಹಾಕಿದ್ದರು. ಅವನು ವೃತ್ತದಲ್ಲಿ ನಿಲ್ಲದೆ ಮಂದಿರದ ಕಟ್ಟೆಯ ಮೇಲೆ ಕಾಲಿಟ್ಟು ನಿಂತ.

"ಬೋಟು ಒಡೆದದ್ದಕ್ಕೆ ನನಗೂ ಬೇಸರ ಉಂಟು ಕುಮುದಕ್ಕ. ಗ್ರಹಚಾರ. ಕಡಲಿನ ಹತ್ತಿರ ಜಗಳ ಆಡ್ಲಿಕ್ಕಾಗ್ತದಾ? ಅದೆಲ್ಲ ಬಿಟ್ಟು ಬಿಡುವ."

ನಾನು ಕಟ್ಟೆಯ ಮೇಲಿದ್ದ ಅವನ ಕಾಲನ್ನೇ ನೋಡಿದೆ.

"ನೋಡಿ ಗುರಿಕಾರರೇ, ನಾನು ಬಗ್ಗಿ ಬಂದರೂ ಇವರು ಬಾಯಿ ಬಿಡುವುದಿಲ್ಲ." ಅವನು ಹೆಂಗಸರ ಕಡೆ ತಿರುಗಿದ. "ಇವರ ಆಣೆಗೆ ನೀವೆಲ್ಲ ಹಸಿದು ಕೂತಿದ್ದೀರಿ. ಆ ಆಣೆ ಯಾವತ್ತೋ ಮುರಿದಿದೆ, ಗೊತ್ತುಂಟಾ? ಬೇಸಿಗೆಯಲ್ಲಿ ಅಲ್ಲಿ ಕರೆಂಟು ಹೋದಾಗೆಲ್ಲ ಉಳ್ಳಾಲದ ಪ್ಲಾಂಟಿನವರು ಐಸು ತರಿಸುವುದು ಎಲ್ಲಿಂದ? ನನ್ನಿಂದ. ಅದನ್ನೇ ಮೊಯ್ದೀನಬ್ಬನ ಟೆಂಪೊಗೆ ಹಾಕಿ ಇವರಿಗೆ ಕಳಿಸುವುದು. ಒಂಬತ್ತು ವರ್ಷ ಇವರ ಮೀನಿನ ಮೇಲೆ ಕರಗಿದ್ದು ನನ್ನ ನೀರೇ ಮಾರಾಯ್ರೆ!"

ನನ್ನ ಎರಡೂ ಕೈ ನೋಡಿಕೊಂಡೆ. ಎಷ್ಟು ಬೇಸಿಗೆ ಆ ಕೈಯಲ್ಲಿ ಐಸು ಒಡೆದಿದ್ದೆ, ಬಾಯಾರಿದಾಗ ಒಂದು ಚೂರು ಬಾಯಿಗೂ ಹಾಕಿಕೊಂಡಿದ್ದೆ.

ಮೋಕ್ಷಾ ಮೊಯ್ದೀನಬ್ಬನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಎಲ್ಲ ಕೇಳಿದ ಮೇಲೆ ಅವನ ಸ್ವರ ಬಂತು: "ಅಲ್ಲಾ! ಉಳ್ಳಾಲದ ಐಸೇ ಎಂದು ಹೇಳಿ ಕೊಟ್ಟದ್ದು ಇಲ್ಲಿನ ಪ್ಲಾಂಟಿನವರು. ನನ್ನ ಮಕ್ಕಳಾಣೆ ನನಗೆ ಗೊತ್ತಿಲ್ಲ ಕುಮುದಕ್ಕ. ಗೊತ್ತಿದ್ದರೆ ಖಾಲಿ ಟೆಂಪೊ ತರ್ತಿದ್ದೆ, ಅದನ್ನು ತರ್ತಿರಲಿಲ್ಲ."

"ಕೇಳಿದ್ರಾ?" ಎಂದ ಜಯ. ನಗು ಅವನ ಕಣ್ಣಿಗೆ ಹತ್ತಿತ್ತು.

ಆಗ ನಾನು ಬಾಯಿ ಬಿಟ್ಟೆ. ಸ್ವರ ಇಳಿಸಿಯೇ ಕೇಳಿದೆ. "ಅದು ನನ್ನ ಬುಟ್ಟಿಗೆ ಬರ್ತದೆ ಎಂದು ನಿಮಗೆ ಗೊತ್ತಿತ್ತಾ ಜಯಣ್ಣ?"

"ಗೊತ್ತಿಲ್ಲದೆ ಎಂತ? ಲೋಡು ಮಾಡುವಾಗ ನಾನೇ ಹೇಳುತ್ತಿದ್ದೆ, ಒಳ್ಳೆಯ ಬ್ಲಾಕು ನೋಡಿ ಹಾಕು, ಕುಮುದಕ್ಕನಿಗೆ ಹೋಗ್ಲಿಕ್ಕುಂಟು ಎಂದು."

ಅಷ್ಟು ಹೇಳಿ ಅವನು ಸುತ್ತ ನೋಡಿದ. ಯಾರೂ ನಗಲಿಲ್ಲ. ಹೇಮಾಕ್ಷಿ ಎರಡೂ ಕೈಯನ್ನು ಕೆನ್ನೆಗೆ ಇಟ್ಟುಕೊಂಡಿದ್ದಳು.

ಗುರಿಕಾರರು ಎದ್ದು ನಿಂತರು. ಎಂಬತ್ತು ವರ್ಷದ ಮೊಣಕಾಲು, ಏಳಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. "ಜಯ, ಕಟ್ಟೆಯಿಂದ ಕಾಲು ಇಳಿಸು" ಎಂದರು. "ಕುಮುದಿನಿ ಗೊತ್ತಿಲ್ಲದೆ ಮುಟ್ಟಿದ್ದು, ಅವಳಿಗೆ ದೋಷ ಇಲ್ಲ. ದೈವದ ಆಣೆ ಇರುವಾಗ ಗೊತ್ತಿದ್ದು, ನಗಾಡಿಕೊಂಡು, ಒಂಬತ್ತು ವರ್ಷ ಕುಡಿಸಿದ್ದು ನೀನು. ಇಷ್ಟು ಜನರ ಎದುರು ನೀನೇ ಒಪ್ಪಿದೆ. ಇನ್ನು ಬೋಟಿನ ಸತ್ಯ ಹೇಳು. ಹೇಳದಿದ್ದರೆ ನಿನ್ನ ಬೋಟಿಗೆ ಬೊಬ್ಬರ್ಯನ ಪ್ರಸಾದ ಇಲ್ಲ. ಮಳೆಗಾಲ ಕಳೆದು ಬೋಟು ಇಳಿಸುವ ದಿನ ನಾನು ಬರುವುದಿಲ್ಲ."

ಪ್ರಸಾದವಿಲ್ಲದ ಬೋಟಿಗೆ ನಮ್ಮ ಕಡೆಯ ಒಬ್ಬ ಕಲಾಸಿಯೂ ಹತ್ತುವುದಿಲ್ಲ. ಅದು ಜಯನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಅವನ ಹಣೆಯಲ್ಲಿ ಬೆವರು ಮೂಡುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ.

ಅವನು ಕಾಲು ಇಳಿಸಿ, ತನ್ನ ವೃತ್ತದೊಳಗೆ ಹೋಗಿ ನಿಂತು, ಮಾಸ್ಕಿನೊಳಗೇ ಏನೋ ಗೊಣಗಿದ.

"ಕೇಳಲಿಲ್ಲ" ಎಂದಳು ಹೇಮಾಕ್ಷಿ.

ಅವನು ಮಾಸ್ಕು ಕೆಳಗೆ ಎಳೆದ. "ಗಿರಿಯಪ್ಪಣ್ಣ ಕುಡಿದಿರಲಿಲ್ಲ. ಚೈನು ಸವೆದದ್ದು ನನಗೆ ಗೊತ್ತಿತ್ತು. ಬಾಟಲಿ ನಾನೇ ತಂದದ್ದು."

ಒಂಬತ್ತು ವರ್ಷ ಕಾದ ಮಾತು ಮೂರು ಉಸಿರಿನಲ್ಲಿ ಮುಗಿದಿತ್ತು. ಮೋಕ್ಷಾ ಗೋಡೆಗೆ ಮುಖ ಮಾಡಿ ನಿಂತಳು. ಗುರಿಕಾರರು, "ಆಯಿತಾ ಕುಮುದಿನಿ?" ಎಂದರು.

"ಹಿಂದಿನ ಸಾಲಿಗೆ ಕೇಳಿಲ್ಲ ಗುರಿಕಾರರೇ."

"ಹಾಗಾದರೆ?"

"ಒಬ್ಬೊಬ್ಬರ ಎದುರು ಹೋಗಿ ಹೇಳಲಿ. ಆರಾರು ಅಡಿ ದೂರ ಕೂರಿಸಿದ್ದು ಸರಕಾರ, ನಾನಲ್ಲ."

ಅವನು ಹೋದ. ಒಂದೊಂದು ವೃತ್ತದ ಮುಂದೆ ನಿಂತು ಅದೇ ಮಾತನ್ನು ಹೇಳಿದ. ನನ್ನ ಗಂಡನನ್ನು ಮೂಸಿ ನೋಡಿದ ಮನೆಗಳ ಹೆಂಗಸರೂ ಆ ವೃತ್ತಗಳಲ್ಲಿದ್ದರು. ಕೆಲವರು ತಲೆ ತಗ್ಗಿಸಿದರು. ಅದನ್ನೂ ನಾನು ನೋಡಿಟ್ಟುಕೊಂಡೆ. ಹೇಮಾಕ್ಷಿಯ ಮುಂದೆ ಬಂದಾಗ ಅವಳು, "ನನಗೆ ಕಿವಿ ಸ್ವಲ್ಪ ಮಂದ ಜಯಣ್ಣ, ಇನ್ನೊಮ್ಮೆ" ಎಂದಳು. ಅವಳಿಗೆ ಮಾರ್ಕೆಟಿನ ಆಚೆ ತುದಿಯ ಚೌಕಾಸಿಯೂ ಕೇಳುತ್ತದೆ. ಅವನು ಇನ್ನೊಮ್ಮೆ ಹೇಳಿದ. ಕೊನೆಗೆ ನನ್ನ ಮುಂದೆ ಬಂದಾಗ ಅವನ ಸ್ವರ ಕುಸಿದು ಹೋಗಿತ್ತು.

ಕ್ರಮದ ಪ್ರಕಾರ ಆಣೆ ಬಿಡುವುದು ಎಂದರೆ ನಾನು ಅವನ ಕೈಯಿಂದ ನೀರು ಕುಡಿಯಬೇಕು. ಗುರಿಕಾರರು ಒಂದು ತಂಬಿಗೆ ತರಿಸಿ ಅವನಿಗೆ ಕೊಟ್ಟರು. ಅವನು ಚಾಚಿದ.

"ಈಗ ಅಲ್ಲ" ಎಂದೆ.

"ಅಮ್ಮ!" ಎಂದಳು ಮೋಕ್ಷಾ.

"ಸುಳ್ಳು ಹೇಳಿದ್ದು ಧಕ್ಕೆಯಲ್ಲಿ, ಮುನ್ನೂರು ಜನರ ಎದುರು. ಇಲ್ಲಿರುವುದು ಇಪ್ಪತ್ತೆರಡು ಹೆಂಗಸರು. ಧಕ್ಕೆ ತೆರೆದ ದಿನ, ಏಲಂ ಹೊತ್ತಿನಲ್ಲಿ, ಇದೇ ಮಾತು ಅಲ್ಲಿ ಹೇಳಲಿ. ಆವತ್ತು ಕುಡಿಯುತ್ತೇನೆ."

ಗುರಿಕಾರರು ತಂಬಿಗೆಯನ್ನು ಕೆಳಗೆ ಇಡಿಸಿದರು. "ಅದು ನ್ಯಾಯ" ಎಂದರು. "ಆದರೆ ಇವರ ಕೆಲಸ?"

ನಾನು ಸೆರಗಿನಿಂದ ಕೈ ಹೊರಗೆ ತೆಗೆದು ಮಂದಿರದ ತೀರ್ಥಕ್ಕೆ ಚಾಚಿದೆ. "ಸಂಘ ನಡೆಯಲಿ. ಇವರು ಅವನ ಐಸು ಹಾಕಲಿ, ಇವರಿಗೆ ಆಣೆ ಇಲ್ಲ. ಪೆಟ್ಟಿಗೆಯ ಮೇಲೆ ಅವನ ಹೆಸರು ಬೇಡ. ನಾನು ಒಣಮೀನಿನ ಕೆಲಸಕ್ಕೆ ಹೋಗುತ್ತೇನೆ. ಅದಕ್ಕೆ ಉಪ್ಪು ಮತ್ತು ಬಿಸಿಲು ಸಾಕು."

ಕೋಲಿನ ತುದಿಯ ಸೌಟಿನಿಂದ ತೀರ್ಥ ಕೈಗೆ ಬಿತ್ತು. ಕುಡಿದು ತಲೆಗೆ ಒರಸಿಕೊಂಡೆ. ಹೆಂಗಸರು ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿತು.

ಮರುದಿನ ಹನ್ನೊಂದು ಮನೆಯಿಂದ ಫೋನ್ ಬಂತು, ಆ ವಾರದ ಕೊನೆಗೆ ಎಂಬತ್ತು. ಕೇಳಿದಷ್ಟೇ ಹಿಡಿದು ತಂದರು. ಒಬ್ಬ ದೋಣಿಯವ ಗೇಣಿಗಿಂತ ಸಣ್ಣ ಬಂಗುಡೆ ತಂದಾಗ ಹೇಮಾಕ್ಷಿ ತನ್ನ ಕೈ ಅಳತೆ ಹಿಡಿದು, "ಇದಕ್ಕೆ ಇನ್ನೂ ಬಾಲವಾಡಿಗೆ ಹೋಗುವ ಪ್ರಾಯ ಮಾರಾಯ" ಎಂದು ವಾಪಸು ಕಳಿಸಿದಳು. ಜಯನ ಪ್ಲಾಂಟಿನ ಕೆಲಸದವರೆಲ್ಲ ಊರಿಗೆ ಹೋಗಿದ್ದರು. ಅವನೇ ಬೆಳಿಗ್ಗೆ ಐಸಿನ ಬ್ಲಾಕು ಹೊತ್ತು ತಂದು ಇಳಿಸುತ್ತಿದ್ದ. ನಾನು ನದಿ ದಂಡೆಯಲ್ಲಿ ಬಲೆ ಹಾಸಿ ಮೀನು ಒಣಗಿಸುತ್ತಿದ್ದೆ. ಅವನು ನನ್ನನ್ನು ದಾಟಿಯೇ ಹೋಗಬೇಕು. ಬೇರೆ ದಾರಿ ಇತ್ತು, ಆ ದಾರಿಯಲ್ಲಿ ನಾನು ಉಪ್ಪಿನ ಮೂಟೆಗಳನ್ನು ಇಡಿಸಿದ್ದೆ.

ಮೇ ತಿಂಗಳ ಒಂದು ಬೆಳಿಗ್ಗೆ ಅವನು ಹೆಗಲಿನ ಐಸಿನ ಗೋಣಿ ಇಳಿಸಿ ನಿಂತ. ಅಂಗಿಯೆಲ್ಲ ಒದ್ದೆ.

"ಕುಮುದಕ್ಕ, ಸೋಮವಾರ ಧಕ್ಕೆ ತೆರೀತದಂತೆ."

"ಗೊತ್ತುಂಟು."

"ಆದರೆ ಮೊದಲಿನ ಹಾಗೆ ಜನ ಸೇರ್ಲಿಕ್ಕಿಲ್ಲ. ರೋಗದ ದೆಸೆಯಿಂದ ಒಮ್ಮೆಗೆ ಐವತ್ತೇ ಜನ ಬಿಡುವುದಂತೆ." ಅವನ ಸ್ವರದಲ್ಲಿ ಸಣ್ಣ ಆಸೆ ಇತ್ತು.

"ಹೌದಂತೆ" ಎಂದೆ. ಬಂಗುಡೆಗಳನ್ನು ಒಂದೊಂದಾಗಿ ಮಗುಚಿ ಹಾಕುತ್ತಿದ್ದೆ, ತಲೆ ಎತ್ತಲಿಲ್ಲ. "ಬೆಳಿಗ್ಗೆಯಿಂದ ಆರು ಸರ್ತಿ ಬಿಡ್ತಾರಂತೆ. ಆರೂ ಸರ್ತಿ ಬನ್ನಿ."